ಪಟ್ಟಿಯಿಂದ ಪ್ರೆಸ್ಸಿಗೆ: ಡಿಟಿಪಿ ಅಣ್ಣನ ಹತ್ತಿರ ಕೇಳಿ

ಅಡ್ಮಿನ್: ಎಕ್ಸೆಲ್ ಅಥವಾ ಬೇರೆ ಡೇಟಾಬೇಸಿನ ಪಟ್ಟಿಯಿಂದ ಐಡಿ ಕಾರ್ಡು, ರಸೀದಿ, ವಿಳಾಸದ ಚೀಟಿ ಮಾಡಿ ಪ್ರಿಂಟಿಗೆ ಕೊಡುವುದರ ಬಗ್ಗೆ ಇವತ್ತು ಈ ಗ್ರೂಪಿನಲ್ಲಿ ಪ್ರಶ್ನೆ ಕೇಳಬಹುದು. ಕಾಸರಗೋಡಿನ ಪ್ರೆಸ್ಸುಗಳಿಗೆ ಲೇಔಟ್ ಮಾಡಿಕೊಡುವ ನಮ್ಮ ಡಿಟಿಪಿ ಅಣ್ಣ ಉತ್ತರ ಕೊಡುತ್ತಾರೆ.

ನೀರ್ಚಾಲು ಸದಸ್ಯ: ಅಣ್ಣ, ಬ್ರಹ್ಮಕಲಶದ ಆಮಂತ್ರಣಕ್ಕೆ ವಿಳಾಸದ ಪಟ್ಟಿ ಮಾಡಿದ್ದೇನೆ. ಅದನ್ನು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಫೈಲು) ಮಾಡಿ ತೆರೆದರೆ ಕನ್ನಡ ಹೆಸರೆಲ್ಲ ???? ಆಗಿದೆ.

ಡಿಟಿಪಿ ಅಣ್ಣ: ಸೇವ್ ಮಾಡುವಾಗಲೇ ಅಕ್ಷರ ಹೋಗಿದೆ. ಆ ಫೈಲನ್ನು ಬಿಡಿ, ಮೂಲ ಎಕ್ಸೆಲ್ ತೆರೆಯಿರಿ. ಸೇವ್ ಆ್ಯಸ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಅಂತ ಬೇರೆಯೇ ಇದೆ, ಅದನ್ನು ಆರಿಸಿ, ಅದರಲ್ಲಿ ಕನ್ನಡ ಅಕ್ಷರ ಉಳಿಯುತ್ತದೆ. ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ಗೆ ಕೊಡುವುದಾದರೆ ‘ಯುನಿಕೋಡ್ ಟೆಕ್ಸ್ಟ್’ ಒಳ್ಳೆಯದು. ಅಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿ.

ಉಪ್ಪಳ ಸದಸ್ಯ: ಫೋನ್ ನಂಬ್ರದಲ್ಲಿ 04998 ಇದ್ದದ್ದು 4998 ಆಗಿದೆ.

ಡಿಟಿಪಿ ಅಣ್ಣ: ನಂಬ್ರ ತುಂಬುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿ. ರಸೀದಿ ನಂಬ್ರಕ್ಕೂ ಅಷ್ಟೇ.

ಬದಿಯಡ್ಕದ ಟೀಚರ್: ನಮಸ್ತೆ ಅಣ್ಣ. ನಮ್ಮ ಶಾಲೆಯ ಐಡಿ ಕಾರ್ಡು ಪ್ರಿಂಟ್ ಆಗಿ ಬಂತು. ಹೆಸರು, ಫೋಟೋ ಸರಿ ಇದೆ. ಆದರೆ ಒಂದನೇ ತರಗತಿಯ ಮಕ್ಕಳಿಗೆಲ್ಲ ರಕ್ತದ ಗುಂಪು ಎ ಪಾಸಿಟಿವ್ ಅಂತ ಬಂದಿದೆ. ಒಬ್ಬಳ ಅಮ್ಮ ನೋಡಿ ಫೋನ್ ಮಾಡಿದರು. ಆ ತರಗತಿಯದ್ದು ಮಾತ್ರ ಪುನಃ ಮಾಡಿಸಿದರೆ ಸಾಕಲ್ವಾ?

ಡಿಟಿಪಿ ಅಣ್ಣ: ಸಾಕಾಗುವುದಿಲ್ಲ ಟೀಚರ್. ಮೊದಲು ಎಲ್ಲ ತರಗತಿಯ ಕಾರ್ಡನ್ನೂ ವಾಪಸ್ ತೆಗೆದುಕೊಳ್ಳಿ. ಇವತ್ತೇ ಹೇಳಿ ಕಳಿಸಿ.

ಎಕ್ಸೆಲ್ ಶೀಟಿನಲ್ಲಿ ರಕ್ತದ ಗುಂಪಿನ ಕಾಲಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾ ಹೋಗಿ. ಮೊದಲು ಎ, ಮತ್ತೆ ಎಬಿ, ಮತ್ತೆ ಬಿ, ಕೊನೆಗೆ ಒ ಅಂತ ಸಾಲಾಗಿ ಇದೆಯಾ? ಇದ್ದರೆ ಯಾರೋ ಆ ಒಂದು ಕಾಲಮ್ಮನ್ನು ಮಾತ್ರ ಸಾರ್ಟ್ ಮಾಡಿದ್ದಾರೆ, ಅಂದರೆ ಅಕ್ಷರ ಕ್ರಮಕ್ಕೆ ಹಾಕಿದ್ದಾರೆ. ಎಕ್ಸೆಲ್ ಆಗ ಒಂದು ಪ್ರಶ್ನೆ ಕೇಳುತ್ತದೆ. ‘ಎಕ್ಸ್‌ಪ್ಯಾಂಡ್ ದ ಸೆಲೆಕ್ಷನ್’ ಅಂದರೆ ಇಡೀ ಸಾಲು ಒಟ್ಟಿಗೆ ಹೋಗುತ್ತದೆ. ಇನ್ನೊಂದನ್ನು ಒತ್ತಿದರೆ ಹೆಸರು ಇದ್ದಲ್ಲೇ ಇರುತ್ತದೆ, ಗುಂಪು ಮಾತ್ರ ಜಾಗ ಬದಲಿಸುತ್ತದೆ. ಒಂದನೇ ತರಗತಿ ಪಟ್ಟಿಯ ಮೇಲೆ ಇತ್ತು, ಹಾಗಾಗಿ ಕಣ್ಣಿಗೆ ಬಿತ್ತು. ಏಳನೇ ತರಗತಿಯದ್ದೂ ತಪ್ಪೇ ಇರುತ್ತದೆ. ಅಲ್ಲಿ ಒ ಇರುವ ಮಗುವಿಗೆ ಒ ಅಂತಲೇ ಬಿದ್ದಿದ್ದರೆ ಅದು ಆಕಸ್ಮಿಕ, ನಂಬಬೇಡಿ.

ಆ ಶೀಟನ್ನು ಕೈಯಲ್ಲಿ ತಿದ್ದಲು ಹೋಗಬೇಡಿ. ಸೇವ್ ಮಾಡಿ ಮುಚ್ಚಿದ ಮೇಲೆ ಹಳೆಯ ಕ್ರಮ ಅದರಲ್ಲಿ ಇಲ್ಲ. ಮೂಲ ದಾಖಲೆಯಿಂದ ಪಟ್ಟಿಯನ್ನು ಹೊಸದಾಗಿ ತೆಗೆಯಿರಿ. ಪ್ರತಿ ಸಾಲಿಗೂ ಅಡ್ಮಿಷನ್ ನಂಬ್ರ ಇರಲಿ. ಫೋಟೋ ಫೈಲಿಗೂ ಅದೇ ನಂಬ್ರ ಇಡಿ, ಮಗುವಿನ ಹೆಸರು ಬೇಡ. ಒಂದೇ ಹೆಸರಿನ ಇಬ್ಬರು ಇದ್ದೇ ಇರುತ್ತಾರೆ. ಎರಡು ಪಟ್ಟಿಯನ್ನು ಪಕ್ಕಪಕ್ಕ ಪೇಸ್ಟ್ ಮಾಡಿ ಸೇರಿಸಬೇಡಿ, ಅಡ್ಮಿಷನ್ ನಂಬ್ರ ಹಿಡಿದು ಎಕ್ಸೆಲ್‌ನ ವಿ-ಲುಕಪ್ ಸೂತ್ರದಿಂದ ಸೇರಿಸಿ. ಆಮೇಲೆ ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿಬಿಡಿ, ಸಾರ್ಟ್ ಮಾಡಿದರೂ ಸಾಲು ಒಡೆಯುವುದಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಕೊಡುವ ಮೊದಲು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ಹಾಗಂತ ತಪ್ಪು ಗುಂಪು ಬರೆದ ಕಾರ್ಡು ಮಕ್ಕಳ ಕುತ್ತಿಗೆಯಲ್ಲಿ ಒಂದು ದಿನವೂ ಇರಬಾರದು.

ಕುಂಬಳೆ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: ‘ಈ ಫಾಂಟ್ ಝಿಪ್ ಹಾಕಿದರೆ ???? ಎಲ್ಲ ಕನ್ನಡ ಆಗುತ್ತದೆ. ಎಲ್ಲ ಗ್ರೂಪಿಗೂ ಕಳಿಸಿ.’

ಡಿಟಿಪಿ ಅಣ್ಣ: ದಯವಿಟ್ಟು ಇದನ್ನು ಹಂಚಬೇಡಿ. ???? ಅಂದರೆ ಅಕ್ಷರವೇ ಇಲ್ಲ, ಫಾಂಟು ಏನನ್ನು ತೋರಿಸಬೇಕು? ಚೌಕ ಚೌಕ ಕಂಡರೆ ಮಾತ್ರ ಫಾಂಟಿನ ತೊಂದರೆ. ತಲೆಮೇಲೆ ಗೀರಿರುವ ಇಂಗ್ಲಿಷ್ ‘ಎ’ಗಳು ಸಾಲಾಗಿ ಕಂಡರೆ ಫೈಲು ಸರಿ ಇದೆ, ತೆರೆದ ರೀತಿ ತಪ್ಪು. ಎಕ್ಸೆಲ್‌ನ ಡೇಟಾ ಮೆನುವಿನಿಂದ ಯುಟಿಎಫ್-8 ಅಂತ ಹೇಳಿ ತೆರೆಯಿರಿ. ಯಾರೋ ಕಳಿಸಿದ ಝಿಪ್ಪನ್ನು ಆಫೀಸಿನ ಕಂಪ್ಯೂಟರಿಗೆ ಹಾಕಲೇಬೇಡಿ.

ಮುಳ್ಳೇರಿಯ ಸದಸ್ಯ: ಹಳೆಯ ನಂಬರಿಂಗ್ ಮೆಷಿನ್ ಎಲ್ಲಿ ರಿಪೇರಿ ಮಾಡುತ್ತಾರೆ?

ಉಪ್ಪಳ ಸದಸ್ಯ: ಟೀಚರ್, ದುಡ್ಡು ಕೊಡಬೇಡಿ. ಇಷ್ಟು ದೊಡ್ಡ ತಪ್ಪನ್ನು ಪ್ರೆಸ್ಸಿನವರು ನೋಡಬೇಕಿತ್ತು.

ಪೆರ್ಲದ ಸದಸ್ಯ: ಪ್ರೆಸ್ಸಿನವರಿಗೆ ಯಾವ ಮಗುವಿನ ರಕ್ತ ಯಾವುದು ಅಂತ ಹೇಗೆ ಗೊತ್ತು ಮಾರಾಯ್ರೇ? ಪ್ರೂಫಿಗೆ, ಅಂದರೆ ಅಚ್ಚಿಗೆ ಮೊದಲು ತೋರಿಸುವ ಪ್ರತಿಗೆ, ಸಹಿ ಹಾಕಿದ್ದು ಶಾಲೆ.

ಉಪ್ಪಳ ಸದಸ್ಯ: ಸಾಲಾಗಿ ಎ ಪಾಸಿಟಿವ್ ಬಂದರೂ ಕಾಣಲಿಲ್ಲ ಅಂದರೆ ಕಣ್ಣು ಎಲ್ಲಿತ್ತು?

ಪೆರ್ಲದ ಸದಸ್ಯ: ನೀವು ಒಂದು ದಿನ ಪ್ರೆಸ್ಸಿನಲ್ಲಿ ಕೂತು ನೋಡಿ. ಸುಮ್ನೆ ಮಾತಾಡುವುದು ಸುಲಭ.

ಬದಿಯಡ್ಕದ ಟೀಚರ್: ಸಹಿ ಹಾಕಿದ್ದು ನಾನೇ ಅಲ್ಲ, ಆದರೂ ಎಲ್ಲರೂ ನನಗೇ ಹೇಳುತ್ತಿದ್ದೀರಿ.

ಉಪ್ಪಳ ಸದಸ್ಯ: ನಿಮಗೆ ಹೇಳಿದ್ದಲ್ಲ ಟೀಚರ್. ಪೆರ್ಲದವರಿಗೆ ಹೇಳಿದ್ದು.

ಡಿಟಿಪಿ ಅಣ್ಣ: ಇಬ್ಬರೂ ನಿಲ್ಲಿಸಿ. ಪ್ರೂಫ್ ಕೊಡುವಾಗ ಮೊದಲ ಹಾಳೆ ಮಾತ್ರ ಕೊಡುವ ಅಭ್ಯಾಸ ಪ್ರೆಸ್ಸಿನವರದ್ದು. ನೋಡದೆ ಸಹಿ ಹಾಕುವ ಅಭ್ಯಾಸ ಗಿರಾಕಿಗಳದ್ದು. ಪ್ರತಿ ತರಗತಿಯ ಪ್ರಿಂಟನ್ನು ಆಯಾ ಕ್ಲಾಸ್ ಟೀಚರಿಗೆ ಕೊಟ್ಟು, ಹಾಜರಿ ಪುಸ್ತಕ ಇಟ್ಟುಕೊಂಡು ಒಂದೊಂದೇ ಮಗುವನ್ನು ಕೇಳಿ ಟಿಕ್ ಹಾಕಿಸಬೇಕು.

ಮಂಜೇಶ್ವರ ಸದಸ್ಯ: ಸರ್, ವರ್ಡ್‌ನಲ್ಲಿ ಮೇಲ್ ಮರ್ಜ್ ಮಾಡಿ (ಪಟ್ಟಿಯ ಹೆಸರುಗಳನ್ನು ತಾನಾಗಿ ತುಂಬಿಸಿ) ಪಿಡಿಎಫ್ ಕೊಟ್ಟೆ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಕಪ್ಪು ಅಕ್ಷರದ ಸುತ್ತ ಬಣ್ಣದ ನೆರಳು ಬಂದಿದೆ.

ಡಿಟಿಪಿ ಅಣ್ಣ: ವರ್ಡಿನ ಕಪ್ಪು ಆರ್‌ಜಿಬಿ, ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕದ್ದು. ಅಚ್ಚಿನ ಪ್ಲೇಟಿಗೆ ಹೋಗುವಾಗ ಅದು ನಾಲ್ಕು ಬಣ್ಣವಾಗಿ ಒಡೆಯುತ್ತದೆ. ಪ್ಲೇಟು ಕೂದಲಿನಷ್ಟು ಆಚೀಚೆ ಆದರೂ ನೆರಳು ಕಾಣುತ್ತದೆ. ಅಕ್ಷರಕ್ಕೆ ಬರೀ ಕಪ್ಪು ಶಾಯಿ, ಕೆ 100 ಇರಬೇಕು. ಲೇಔಟನ್ನು ಸ್ಕ್ರೈಬಸ್‌ನಲ್ಲಿ ಮಾಡಿ, ಅದು ಉಚಿತ ಸಾಫ್ಟ್‌ವೇರ್. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಬಿಡಿ, ಫಾಂಟನ್ನು ಪಿಡಿಎಫ್ ಒಳಗೇ ಎಂಬೆಡ್ ಮಾಡಿ.

ಹೊಸಂಗಡಿ ಸದಸ್ಯ: ಅಣ್ಣ, ಸಿಎಸ್‌ವಿಯಲ್ಲಿ ಕನ್ನಡ ಪ್ರಶ್ನಾರ್ಥಕ ಆಗುತ್ತಿದೆ.

ಡಿಟಿಪಿ ಅಣ್ಣ: ಮೇಲೆ ಇದೆ.

ಕುಂಬಳೆ ಸದಸ್ಯ: ಇನ್ನೊಂದು ಬಂತು. ಒಂದು ಸೈಟಿಗೆ ಎಕ್ಸೆಲ್ ಹಾಕಿದರೆ ಐಡಿ ಕಾರ್ಡು ಉಚಿತವಾಗಿ ಮಾಡಿಕೊಡುತ್ತದೆಯಂತೆ.

ಡಿಟಿಪಿ ಅಣ್ಣ: ಮಕ್ಕಳ ಹೆಸರು, ಫೋಟೋ, ಮನೆ ವಿಳಾಸ, ಅಪ್ಪನ ಫೋನ್ ನಂಬ್ರ ಎಲ್ಲ ಸೇರಿಸಿ ಗುರುತಿಲ್ಲದ ಸೈಟಿಗೆ ಹಾಕುವುದಾ? ನೀವು ಒಮ್ಮೆ ಯೋಚಿಸಿ ಕಳಿಸಿ. ಇದು ಎರಡನೇ ಸಲ.

ಕುಂಬಳೆ ಸದಸ್ಯ: ನಾನು ಬಂದದ್ದನ್ನು ಹಾಕಿದೆ ಅಷ್ಟೇ. ಇಷ್ಟು ಸಿಟ್ಟು ಯಾಕೆ?

ಹೊಸಂಗಡಿ ಸದಸ್ಯ: ಮೇಲೆ ಎಲ್ಲಿ ಅಣ್ಣ? ತುಂಬಾ ಇದೆ.

ಬದಿಯಡ್ಕದ ಟೀಚರ್: ಅಣ್ಣ, ನೀವು ಹೇಳಿದ ಹಾಗೇ ಇದೆ. ಎ, ಎಬಿ, ಬಿ, ಒ ಅಂತ ಸಾಲಾಗಿ. ಕಾರ್ಡೆಲ್ಲ ವಾಪಸ್ ತರಿಸುತ್ತೇವೆ. ಹೊಸ ಪಿಡಿಎಫ್ ನಿಮಗೆ ಇಲ್ಲಿಗೆ ಹಾಕಲಾ?

ಡಿಟಿಪಿ ಅಣ್ಣ: ಗ್ರೂಪಿಗೆ ಬೇಡ ಟೀಚರ್. ಕ್ಲಾಸ್ ಟೀಚರುಗಳಿಗೆ ಪ್ರಿಂಟ್ ತೆಗೆದು ಕೊಡಿ. ಟಿಕ್ ಹಾಕಿದ ಹಾಳೆಗಳೆಲ್ಲ ಕೈಗೆ ಬಂದ ಮೇಲೆ ಮಾತ್ರ ಪ್ರೆಸ್ಸಿಗೆ ಫೋನ್ ಮಾಡಿ.