ರೂಮ್ ಹೀಟರ್ ಫ್ಯಾನ್ ಕಿರ್ರ್ ಅಂತಿದೆ, ನಾನೇ ಬಿಚ್ಚಬಹುದಾ?

ಪ್ರಶ್ನೆ: ನಮಸ್ತೆ ಸರ್. ನಮ್ಮಲ್ಲಿ ಫ್ಯಾನ್ ಇರುವ ರೂಮ್ ಹೀಟರ್ ಇದೆ, 2000 ವಾಟ್‌ದು, ನಾಲ್ಕು ವರ್ಷ ಹಳೆಯದು. ಚಳಿ ಮುಗಿದ ಮೇಲೆ ಅಟ್ಟಕ್ಕೆ ಹಾಕಿದ್ದೆ. ಮೊನ್ನೆ ಇಳಿಸಿ ಹಚ್ಚಿದರೆ ಮೊದಲ ಐದು ನಿಮಿಷ ಕಿರ್ರ್ ಅಂತ ಕಿರುಚುತ್ತದೆ. ಬಿಸಿಯಾದ ಮೇಲೆ ಸ್ವಲ್ಪ ತಗ್ಗಿ ಗರಗರ ಅನ್ನುತ್ತಲೇ ಇರುತ್ತದೆ. ಮಗು ಎದ್ದುಬಿಡುತ್ತದೆ. ಅಂಗಡಿಯವರು ಸುಮ್ನೆ ಹೊಸದು ತಗೊಳ್ಳಿ ಅಂದರು. ಸ್ಕ್ರೂಡ್ರೈವರ್ ಹಿಡಿಯಲು ನನಗೆ ಬರುತ್ತದೆ. ಬಿಚ್ಚಲಾ?

ಉತ್ತರ (ರಿಪೇರಿಯವರು): ಬಿಚ್ಚಬಹುದು ಮೇಡಂ. ಆದರೆ ಅದಕ್ಕೂ ಮೊದಲು ಕಿವಿಗೆ ಕೆಲಸ ಕೊಡಿ. ಬರೀ ತಣ್ಣನೆ ಗಾಳಿ ಬಿಡುವ ಗುರುತು ಇದ್ದರೆ ಅದಕ್ಕೆ ಇಟ್ಟು ಕೇಳಿ. ಆಗಲೂ ಅದೇ ಸದ್ದು ಬಂದರೆ ತೊಂದರೆ ಫ್ಯಾನಿನಲ್ಲೋ ಮೋಟಾರಿನಲ್ಲೋ ಇದೆ. ಹಾಗೇ ಮೇಲ್ಭಾಗವನ್ನು ಅಂಗೈಯಿಂದ ಒತ್ತಿ ನೋಡಿ. ಸದ್ದು ನಿಂತರೆ ಯಾವುದೋ ಸ್ಕ್ರೂ ಸಡಿಲವಾಗಿದೆ, ಅಷ್ಟೇ.

ಶುರುವಿನಲ್ಲಿ ಕಿರುಚಿ, ಬಿಸಿಯಾದಂತೆ ತಗ್ಗುತ್ತದೆ ಅಂದಿರಲ್ಲ, ಅದು ಹೆಚ್ಚಾಗಿ ಬುಶ್ ಒಣಗಿದ ಸದ್ದು. ಫ್ಯಾನ್ ಕೂತಿರುವ ಕಂಬಿ, ಅಂದರೆ ಶಾಫ್ಟ್, ಯಾವ ಉಂಗುರದೊಳಗೆ ತಿರುಗುತ್ತದೋ ಅದೇ ಬುಶ್. ಇಂಥ ಸಣ್ಣ ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ. ಶಾಫ್ಟಿನ ಎರಡೂ ಕಡೆ ಹಿತ್ತಾಳೆ ಬಣ್ಣದ ಪುಟ್ಟ ಬುಶ್ ಇರುತ್ತದೆ. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಎಣ್ಣೆ ಕುಡಿದು ಇಟ್ಟುಕೊಂಡಿರುತ್ತವೆ. ಹೀಟರಿನ ಶಾಖಕ್ಕೆ ಆ ಎಣ್ಣೆ ಒಣಗುತ್ತಾ ಧೂಳಿನ ಜೊತೆ ಅಂಟಾಗುತ್ತದೆ. ಬಿಸಿ ತಾಗಿದಾಗ ಅಂಟು ತೆಳುವಾಗುತ್ತದೆ, ಸದ್ದು ಇಳಿಯುತ್ತದೆ. ವಾಸಿಯಾಯಿತು ಅಂತ ನಾವು ಅಂದುಕೊಳ್ಳುತ್ತೇವೆ.

ಸದ್ದಿಗಿಂತ ನನಗೆ ಚಿಂತೆ ಇನ್ನೊಂದು. ಫ್ಯಾನ್ ನಿಧಾನವಾದರೆ ಕಾಯಿಲ್‌ನ ಶಾಖ ಹೊರಗೆ ಹೋಗದೆ ಒಳಗೇ ಕೂರುತ್ತದೆ. ಕೋಣೆ ಬೆಚ್ಚಗಾಗುವ ಮೊದಲೇ ಹೀಟರ್ ತಾನಾಗಿ ನಿಲ್ಲುತ್ತಿದೆಯಾ? ಹಾಗಿದ್ದರೆ ಒಳಗಿನ ಥರ್ಮಲ್ ಕಟೌಟ್, ಅಂದರೆ ಶಾಖ ಮಿತಿಮೀರಿದರೆ ಕರೆಂಟ್ ಕಡಿಯುವ ಸುರಕ್ಷತಾ ಸ್ವಿಚ್, ಬೀಳುತ್ತಿರಬಹುದು. ಸರಿಯಾಗುವವರೆಗೆ ಹಚ್ಚಲೇಬೇಡಿ.

ಈಗ ಬಿಚ್ಚುವ ವಿಷಯ. ವಾರಂಟಿ ಇದ್ದರೆ ಕೈ ಹಾಕಬೇಡಿ. ಇಲ್ಲದಿದ್ದರೆ, ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. ಪೂರ್ತಿ ತಣ್ಣಗಾಗಲಿ. ಹಿಂದಿನ ಜಾಲರಿ ತೆಗೆದ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಜೋಡಿಸುವಾಗ ಬೇಕಾಗುತ್ತದೆ. ಒಣ ಬ್ರಶ್‌ನಿಂದ ರೆಕ್ಕೆಗಳ ಧೂಳು ತೆಗೆಯಿರಿ. ಒಂದು ರೆಕ್ಕೆಗೆ ಮಾತ್ರ ಧೂಳಿನ ಉಂಡೆ ಅಂಟಿದರೂ ಫ್ಯಾನ್ ಅದುರುತ್ತದೆ. ಕಾಯಿಲ್ ಹತ್ತಿರ ಬಟ್ಟೆ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಬೆರಳಿನಿಂದ ಫ್ಯಾನ್ ತಿರುಗಿಸಿ ಬಿಡಿ. ಒಳ್ಳೆಯ ಬುಶ್ ಇದ್ದರೆ ಕೆಲವು ಸುತ್ತು ತಾನೇ ತಿರುಗಿ ನಿಧಾನವಾಗಿ ನಿಲ್ಲುತ್ತದೆ. ಬಿಟ್ಟ ಕೂಡಲೇ ಗಕ್ಕನೆ ನಿಂತರೆ ಒಣಗಿದೆ ಅಂತಲೇ. ಸುತ್ತಲಿನ ಕವಚದ ಮೇಲೆ ಹೊಳೆಯುವ ಗೆರೆ ಇದ್ದರೆ ರೆಕ್ಕೆ ಉಜ್ಜುತ್ತಿದೆ, ಫ್ಯಾನನ್ನು ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಸರಿಸಿ.

ಹೊಲಿಗೆ ಮಷೀನಿನ ಎಣ್ಣೆ ಎರಡೂ ಬುಶ್‌ಗೆ ಒಂದೊಂದೇ ಹನಿ. ಜಾಸ್ತಿ ಹಾಕಿದರೆ ಕಾಯಿಲ್ ಮೇಲೆ ಹಾರಿ ಹೊಗೆ ಬರುತ್ತದೆ. ಸುರಿದದ್ದನ್ನು ಒರೆಸಿ.

ಇನ್ನೊಬ್ಬ ಸದಸ್ಯರು: ನಾನು ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದೆ ಸರ್. ಎರಡು ದಿನ ಗಪ್‌ಚುಪ್, ಮೂರನೇ ದಿನ ಮೊದಲಿಗಿಂತ ಜೋರು!

ಉತ್ತರ: ಆಗೋದೇ ಹಾಗೆ. ಅದು ಅಂಟು ತೊಳೆಯುತ್ತದೆ, ಎಣ್ಣೆಯ ಜಾಗದಲ್ಲಿ ಉಳಿಯುವುದಿಲ್ಲ. ಮೇಲಾಗಿ ಹತ್ತಿ ಉರಿಯುವ ವಸ್ತು, ಹೀಟರಿನೊಳಗೆ ಯಾಕೆ? ಅಡುಗೆ ಎಣ್ಣೆಯೂ ಬೇಡ, ಶಾಖಕ್ಕೆ ಗೋಂದಾಗುತ್ತದೆ.

ಮತ್ತೊಬ್ಬರು: ನಮ್ಮದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕಡ್ಡಿಯಿಂದ ತಳ್ಳಿದರೆ ಶುರುವಾಗುತ್ತದೆ. ಹಾಗೇ ಓಡಿಸಬಹುದಾ?

ಉತ್ತರ: ಬೇಡ ಅಣ್ಣ, ಖಂಡಿತ ಬೇಡ. ನಡುವೆ ಫ್ಯಾನ್ ನಿಂತರೆ ತಳ್ಳಲು ಯಾರಿರುತ್ತಾರೆ? ಕಟೌಟ್ ಒಂದರ ಮೇಲೆ ಭಾರ ಹಾಕಿ ಮಲಗಬಾರದು. ಪದೇ ಪದೇ ಬೀಳುತ್ತದೆ ಅಂತ ಕಟೌಟನ್ನೇ ಬಿಟ್ಟು ನೇರವಾಗಿ ವೈರ್ ಜೋಡಿಸಿಬಿಟ್ಟವರನ್ನೂ ನೋಡಿದ್ದೇನೆ. ಅಂಥ ಹೀಟರನ್ನು ನಾನು ರಿಪೇರಿಗೂ ತಗೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ಬಿಚ್ಚಿದೆ. ನಗಬೇಡಿ. ಫ್ಯಾನಿನ ಹಿಂದೆ ಶಾಫ್ಟಿಗೆ ನನ್ನದೇ ತಲೆಕೂದಲು ಉಂಗುರದ ಹಾಗೆ ಸುತ್ತಿಕೊಂಡಿತ್ತು, ಎಣ್ಣೆಧೂಳು ಹಿಡಿದು ಕರ್ರಗೆ. ಚಿಮುಟದಿಂದ ಎಳೆ ಎಳೆಯಾಗಿ ತೆಗೆಯಲು ಅರ್ಧ ಗಂಟೆ ಬೇಕಾಯಿತು. ಎಣ್ಣೆ ಹಾಕಿದೆ, ಈಗ ಬೆರಳಿಗೆ ಹಗುರವಾಗಿ ತಿರುಗುತ್ತದೆ. ಆದರೆ ಶಾಫ್ಟ್ ಸ್ವಲ್ಪ ಅಲ್ಲಾಡುತ್ತದೆ. ಪರವಾಗಿಲ್ವಾ?

ಉತ್ತರ: ನಗಲಿಲ್ಲ ಮೇಡಂ, ಇದು ಹೊಸದೇನಲ್ಲ. ಯಾವ ಕಡೆಗೆ ಅಲ್ಲಾಡುತ್ತದೆ ಹೇಳಿ. ಹಿಂದಕ್ಕೆ ಮುಂದಕ್ಕೆ ಚೂರು ಆಡಿದರೆ ಸಹಜ. ಅಡ್ಡಡ್ಡ ಆಡಿದರೆ ಬುಶ್ ಸವೆದಿದೆ, ಎಣ್ಣೆಯಿಂದ ಆಗುವ ಕೆಲಸವಲ್ಲ. ಮೋಟಾರ್ ಬದಲಿಸಬೇಕು.

ಪ್ರಶ್ನೆ ಕೇಳಿದವರು: ಹಿಂದೆ ಮುಂದೆ ಮಾತ್ರ ಸರ್.

ಉತ್ತರ: ಹಾಗಾದರೆ ಜೋಡಿಸಿ. ನೇರ ಗೋಡೆಯ ಪ್ಲಗ್‌ಗೇ ಹಾಕಿ. 2000 ವಾಟ್ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್, ಸಣ್ಣ ಎಕ್ಸ್‌ಟೆನ್ಶನ್ ತಡೆಯುವುದಿಲ್ಲ. ಮೊದಲ ಅರ್ಧ ಗಂಟೆ ಎದುರಿಗೇ ಕೂತು ನೋಡಿ, ಮಗುವಿನ ಕೋಣೆಯಲ್ಲಿ ಬೇಡ. ಉಳಿದ ಧೂಳು ಸುಟ್ಟ ವಾಸನೆ ಸ್ವಲ್ಪ ಹೊತ್ತು ಬಂದರೆ ಸರಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಅಥವಾ ಪ್ಲಗ್ ಮುಟ್ಟಲಾರದಷ್ಟು ಬಿಸಿಯಾದರೆ, ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು: ಮುಕ್ಕಾಲು ಗಂಟೆ ಆಯಿತು ಸರ್. ಬರೀ ಗಾಳಿಯ ಸದ್ದು. ಒಂದು ಸ್ಕ್ರೂ ಮಾತ್ರ ಕೈಯಲ್ಲಿ ಉಳಿದಿದೆ.

ಉತ್ತರ: ಪ್ಲಗ್ ಕೀಳಿ, ಆ ಫೋಟೊ ತೆಗೆದು ನೋಡಿ ಮೇಡಂ.