ಸಹಾಯ ಬೇಕು: 4 ತಿಂಗಳ ಮಗಳು ಹಾಲು ಕಡಿಮೆ ಮಾಡಿದ್ದಾಳೆ

ಅಕ್ಕಂದಿರೇ, ನಾವು ಕಲಬುರಗಿಯವರು. ಮಗಳಿಗೆ ಬರೀ ಎದೆಹಾಲು. ಐದು ದಿನದಿಂದ ಎರಡು ನಿಮಿಷ ಕುಡಿದು ಮುಖ ತಿರುಗಿಸುತ್ತಾಳೆ. ಬಾಗಿಲು ಸದ್ದಾದರೂ ಸಾಕು, ಬಿಟ್ಟು ಅತ್ತ ನೋಡುತ್ತಾಳೆ. ರಾತ್ರಿ ನಿದ್ದೆಗಣ್ಣಲ್ಲಿ ಮಾತ್ರ ಹೊಟ್ಟೆ ತುಂಬಾ ಕುಡಿಯುತ್ತಾಳೆ.

ಜ್ವರ ಇಲ್ಲ, ಮೂಗು ಕಟ್ಟಿಲ್ಲ, ನಾಲಿಗೆ ಮೇಲೆ ಬಿಳಿ ಕಲೆಯೂ ಇಲ್ಲ. ದಿನಕ್ಕೆ ಆರೇಳು ಸಲ ಉಚ್ಚೆ ಮಾಡುತ್ತಾಳೆ. ಕತ್ತಲೆ ಕೋಣೆಯಲ್ಲಿ ಕುಡಿಸಿ ನೋಡಿದೆ, ಸ್ವಲ್ಪ ಪರವಾಗಿಲ್ಲ. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಅತ್ತೆ ನೀರು ಕುಡಿಸು ಅಂತಾರೆ. ಆಶಾ ಕಾರ್ಯಕರ್ತೆ ಅಕ್ಕ 6 ತಿಂಗಳವರೆಗೆ ನೀರು ಬೇಡ, ಎದೆಹಾಲೇ ಸಾಕು ಅಂದರು. ನೀರಂತೂ ಕೊಟ್ಟಿಲ್ಲ. ಆದರೂ ಜೀವ ತಡೆಯುತ್ತಿಲ್ಲ.

ಇದು ಸುತ್ತ ನೋಡುವ ವಯಸ್ಸಿನ ಗುಣವಾ, ಸೆಕೆಗಾ? ನಿಮ್ಮ ಮಕ್ಕಳು ಹೀಗೆ ಮಾಡಿದ್ದರೆ ಎಷ್ಟು ದಿನಕ್ಕೆ ಸರಿಹೋಯಿತು? ಏನು ಕಂಡರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು?