ಕಾರಿನಲ್ಲಿ ಜೋರು ಬಾಸ್: ಇಳಿದ ಮೇಲೂ ಕಿವಿ ಗುಂಯ್ ಅನ್ನುತ್ತಿದೆ

ಪ್ರಶ್ನೆ: ನಮಸ್ತೆ ಮೇಡಂ. ಆರು ತಿಂಗಳ ಹಿಂದೆ ಕಾರಿನ ಡಿಕ್ಕಿಗೆ 12 ಇಂಚಿನ ಎರಡು ಸಬ್‌ವೂಫರ್ (ಬಾಸ್, ಅಂದರೆ ಧುಂ ಧುಂ ಅನ್ನುವ ದಪ್ಪ ಸದ್ದಿನ ಸ್ಪೀಕರ್) ಹಾಕಿಸಿದೆ. ದಿನಾ ಒಂದು ಗಂಟೆ ಹಾಡು ಕೇಳುತ್ತೇನೆ. ಇಳಿದ ಮೇಲೆ ಕಿವಿಗೆ ಹತ್ತಿ ತುರುಕಿದ ಹಾಗಿರುತ್ತದೆ, ಜೊತೆಗೆ ಗುಂಯ್ ಅನ್ನುವ ಸದ್ದು. ಬೆಳಿಗ್ಗೆ ಹೊತ್ತಿಗೆ ಸರಿಹೋಗಿರುತ್ತದೆ. ಫೋನಿನ ಆಪ್‌ನಲ್ಲಿ ಅಳೆದರೆ 88 ಡೆಸಿಬೆಲ್ ಅಷ್ಟೇ. ಬಾಸ್‌ನಿಂದ ಕಿವಿಗೆ ಏನೂ ಆಗುವುದಿಲ್ಲ, ಕೀರಲು ಸದ್ದು ಮಾತ್ರ ಕೆಟ್ಟದ್ದು ಅಂತ ಗೆಳೆಯರು ಹೇಳುತ್ತಾರೆ. ಹೌದಾ?

ಆಡಿಯಾಲಜಿಸ್ಟ್ (ಶ್ರವಣ ತಜ್ಞೆ): ಬೆಳಿಗ್ಗೆ ಸರಿಹೋಗುತ್ತದೆ ಅಂತ ಸಮಾಧಾನ ಪಡಬೇಡಿ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲು ಕೋಶಗಳಿವೆ. ಸದ್ದು ಜಾಸ್ತಿಯಾದರೆ ಅವು ಸುಸ್ತಾಗುತ್ತವೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ದಿನಾ ಇದೇ ಆದರೆ ಒಂದಷ್ಟು ಸಾಯುತ್ತವೆ. ಮನುಷ್ಯರಲ್ಲಿ ಸತ್ತವು ಮತ್ತೆ ಹುಟ್ಟುವುದಿಲ್ಲ.

ಗೆಳೆಯರ ಮಾತು ಅರ್ಧ ನಿಜ. ಡೆಸಿಬೆಲ್ ಒಂದೇ ಇದ್ದರೆ 50 ಹರ್ಟ್ಜ್‌ನ ಬಾಸ್‌ಗಿಂತ 3000 ಹರ್ಟ್ಜ್‌ನ ಕೀರಲು ಸದ್ದೇ ಕಿವಿಗೆ ಹೆಚ್ಚು ಕೆಟ್ಟದ್ದು (ಹರ್ಟ್ಜ್ ಹೆಚ್ಚಿದಷ್ಟೂ ಸದ್ದು ಕೀರಲು). ಆದರೆ ಬರೀ 50 ಹರ್ಟ್ಜ್ ಕೇಳುತ್ತಾ ಗಾಡಿ ಓಡಿಸುವವರು ಯಾರು? ಬಾಸ್ ಏರಿಸಿದರೆ ಹಾಡುವವರ ದನಿ ಮುಳುಗುತ್ತದೆ. ದನಿ ಕೇಳಲಿ ಅಂತ ಪೂರ್ತಿ ವಾಲ್ಯೂಮ್ ಏರಿಸುತ್ತೀರಿ, ಅಲ್ವಾ? ಜೋರು ಸದ್ದಿನ ಏಟು ಮೊದಲು ಕಾಣುವುದು 3000ದಿಂದ 6000 ಹರ್ಟ್ಜ್ ಜಾಗದಲ್ಲಿ. ಸ, ಶ ಥರದ ಅಕ್ಷರಗಳನ್ನು ಗುರುತಿಸಲು ಬೇಕಾಗುವುದೂ ಅದೇ ಜಾಗ. ಹಾಗಾಗಿ ಬಾಸ್ ಪ್ರಿಯರಿಗೆ ಬಾಸ್ ಚೆನ್ನಾಗಿಯೇ ಕೇಳುತ್ತಿರುತ್ತದೆ. ಎದುರಿಗಿದ್ದವರು ಮಾತಾಡಿದ್ದೂ ಕೇಳುತ್ತದೆ, ಏನು ಹೇಳಿದರು ಅನ್ನುವುದು ಮಾತ್ರ ತಿಳಿಯುವುದಿಲ್ಲ.

ಇನ್ನು ಆ 88. ಆಪ್‌ಗಳು ಸಾಮಾನ್ಯವಾಗಿ ತೋರಿಸುವುದು ‘ಎ’ ಅಳತೆ. ಅದು 50 ಹರ್ಟ್ಜ್ ಸದ್ದಿನಿಂದ ಸುಮಾರು 30 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ಸುಮ್ನೆ ಒಮ್ಮೆ, ಬಾಸ್ ಅನ್ನು ಅಷ್ಟಾಗಿ ಕಳೆಯದ ‘ಸಿ’ ಅಳತೆಗೆ ಬದಲಿಸಿ ನೋಡಿ. ಕೆಲಸದ ಜಾಗಕ್ಕೆ ಹೇಳುವ ಮಿತಿ ‘ಎ’ ಅಳತೆಯಲ್ಲಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. ಅಂದರೆ 88ಕ್ಕೆ 4 ಗಂಟೆ, 100ಕ್ಕೆ ಬರೀ 15 ನಿಮಿಷ. ಈ ಲೆಕ್ಕದಲ್ಲಿ ನೀವು ಪಾಸ್! ಆದರೂ ಕಿವಿ ಗುಂಯ್ ಅನ್ನುತ್ತಿದೆ. ಆಪ್‌ಗೂ ಕಿವಿಗೂ ಜಗಳ ಬಂದರೆ ನಾನು ಕಿವಿಯ ಕಡೆ.

ಇನ್ನೊಬ್ಬ ಸದಸ್ಯರು: ಬಾಸ್‌ಗೆ ಎದೆಯೇ ಅದುರುತ್ತದೆ. ಹಾರ್ಟ್‌ಗೆ ತೊಂದರೆ ಇದೆಯಾ? ಶ್ವಾಸಕೋಶ ಒಡೆಯುತ್ತದೆ ಅಂತಲೂ ಕೇಳಿದ್ದೆ.

ಆಡಿಯಾಲಜಿಸ್ಟ್: ಅದುರುವುದು ಎದೆಗೂಡು. ಹಾರ್ಟ್ ಹಾಡಿನ ತಾಳಕ್ಕೆ ಬಡಿಯುವುದಿಲ್ಲ. ಶ್ವಾಸಕೋಶದ ಮಾತು ಪೂರ್ತಿ ಕಟ್ಟುಕಥೆಯಲ್ಲ. ಜೋರು ಸಂಗೀತದ ಹತ್ತಿರ ಇದ್ದಾಗ ಶ್ವಾಸಕೋಶದ ಗಾಳಿ ಹೊರಗೆ ಸೋರಿದ ಕೆಲವರ ಬಗ್ಗೆ 2004ರಲ್ಲಿ ‘ಥೊರಾಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದಿತ್ತು. ಅವರಲ್ಲಿ ಒಬ್ಬ ಯುವಕ ಕಾರಿನಲ್ಲಿ 1000 ವ್ಯಾಟ್‌ನ ಬಾಸ್ ಬಾಕ್ಸ್ ಹಾಕಿಸಿಕೊಂಡಿದ್ದ. ಇದು ತೀರಾ ಅಪರೂಪ. ಎತ್ತರದ, ತೆಳ್ಳಗಿನ ಹುಡುಗರಿಗೆ, ಸಿಗರೇಟು ಸೇದುವವರಿಗೆ ಸಂಗೀತ ಇಲ್ಲದೆಯೂ ಹೀಗಾಗುವುದುಂಟು. ಎದೆಯ ಒಂದು ಪಕ್ಕ ಥಟ್ಟನೆ ನೋವು ಬಂದು ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ.

ಮತ್ತೊಬ್ಬ ಸದಸ್ಯೆ: ನಮ್ಮ ಎರಡು ವರ್ಷದ ಮಗು ಹಿಂದಿನ ಸೀಟಿನಲ್ಲಿ ಕೂರುತ್ತದೆ. ನಮ್ಮ ಯಜಮಾನರು ಹೇಳಿದರೆ ಕೇಳುವುದಿಲ್ಲ.

ಆಡಿಯಾಲಜಿಸ್ಟ್: ಡಿಕ್ಕಿಗೆ ಹತ್ತಿರ ಇರುವುದೇ ಆ ಸೀಟು. ಕಿವಿ ಗುಂಯ್ ಅನ್ನುತ್ತಿದೆ ಅಂತ ಮಗು ಹೇಳಲಾರದು. ಮಗು ಇರುವಾಗ ಸಬ್‌ವೂಫರ್ ಆಫ್. ಕಿವಿ ಮುಚ್ಚುವ ಇಯರ್ ಮಫ್ ಹಾಕಿದರೂ ಬಾಸ್ ಅಷ್ಟಾಗಿ ನಿಲ್ಲುವುದಿಲ್ಲ. ಯಜಮಾನರಿಗೆ ಇದನ್ನೇ ತೋರಿಸಿ.

ಮೊದಲು ಕೇಳಿದವರು: ಗ್ಲಾಸ್ ಇಳಿಸಿಕೊಂಡರೆ ಸಾಕಾ ಮೇಡಂ? ಇಲ್ಲ ಎಲ್ಲ ಬಿಚ್ಚಿಸಬೇಕಾ?

ಆಡಿಯಾಲಜಿಸ್ಟ್: ಬಿಚ್ಚಿಸಬೇಕಿಲ್ಲ. ಮುಚ್ಚಿದ ಕಾರು ಬಾಸ್ ಸದ್ದನ್ನು ಇನ್ನಷ್ಟು ಹೆಚ್ಚಿಸುತ್ತದೆ, ಗ್ಲಾಸ್ ಇಳಿಸಿದರೆ ಆ ಒತ್ತಡ ತಗ್ಗುತ್ತದೆ. ಆದರೆ ರಸ್ತೆಯ ಗಲಾಟೆ ಒಳಗೆ ಬಂದು ನೀವು ಮತ್ತೆ ವಾಲ್ಯೂಮ್ ಏರಿಸುತ್ತೀರಿ. ಪಕ್ಕದವರು ಕೂಗದೆ ಮಾತಾಡುವಷ್ಟಕ್ಕೆ ನಿಲ್ಲಿಸಿ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಕಾಯಬೇಡಿ, ಅದರ ಚಿಕಿತ್ಸೆಗೆ ಮೊದಲ ಕೆಲವು ದಿನಗಳೇ ಮುಖ್ಯ. ಬಾಸ್ ಹೊಡೆದಾಗ ತಲೆ ತಿರುಗಿದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮೊದಲು ಕೇಳಿದವರು: ‘ಸಿ’ಗೆ ಹಾಕಿ ಅಳೆದೆ ಮೇಡಂ. 109 ಬಂತು! ನಾಳೆ ಸಂಜೆ ಪರೀಕ್ಷೆಗೆ ಹೋಗುತ್ತಿದ್ದೇನೆ.

ಆಡಿಯಾಲಜಿಸ್ಟ್: ಸಂಜೆ ಬೇಡ, ಬೆಳಿಗ್ಗೆ ಹೋಗಿ. ಹೋಗುವಾಗ ಕಾರಿನಲ್ಲಿ ಹಾಡು ಹಾಕಬೇಡಿ. ಸುಸ್ತಾದ ಕಿವಿಯನ್ನು ಪರೀಕ್ಷಿಸಿದರೆ ಫಲಿತಾಂಶ ಸರಿಯಾಗಿ ಬರುವುದಿಲ್ಲ.